ಮಣಿಕಟ್ಟು ಬಾಗದ ಗುದ್ದು

2022ರ ಸೆಪ್ಟೆಂಬರ್ 17ರ ರಾತ್ರಿ ಲಾಸ್ ವೇಗಾಸ್‌ನಲ್ಲಿ ಮೆಕ್ಸಿಕೊದ ಬಾಕ್ಸರ್ ಸೌಲ್ ‘ಕನೆಲೊ’ ಅಲ್ವಾರೆಸ್ ಮೂರನೇ ಬಾರಿ ಗೆನ್ನಾಡಿ ಗೊಲೊವ್ಕಿನ್ ಎದುರು ಸೆಣಸಿ ಗೆದ್ದರು. ಗೆಲುವಿನ ಜೊತೆಗೇ ಇನ್ನೊಂದು ಸುದ್ದಿಯನ್ನೂ ಕೊಟ್ಟರು. ಎಡಗೈಗೆ ಶಸ್ತ್ರಚಿಕಿತ್ಸೆ ಆಗಲೇಬೇಕು, ಆ ಕೈಯಲ್ಲಿ ಒಂದು ಲೋಟ ಹಿಡಿಯುವುದೂ ಆಗುತ್ತಿಲ್ಲ ಎಂದರು. ಕೆಟ್ಟಿದ್ದು ಮಣಿಕಟ್ಟು. ಶಸ್ತ್ರಚಿಕಿತ್ಸೆ ಮುಗಿಸಿ, ಸುಧಾರಿಸಿಕೊಂಡು ಅವರು ಮತ್ತೆ ರಿಂಗಿಗೆ ಇಳಿದದ್ದು 2023ರ ಮೇ 6ರಂದು, ಜಾನ್ ರೈಡರ್ ವಿರುದ್ಧ.

ನಮ್ಮವರಲ್ಲೂ ಇಂಥ ಕಥೆ ಇದೆ. 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅಖಿಲ್ ಕುಮಾರ್ ಮಣಿಕಟ್ಟಿನ ಗಾಯದಿಂದ ವೃತ್ತಿಯೇ ಮುಗಿಯಿತೇನೋ ಎಂಬಂಥ ದಿನಗಳನ್ನು ಕಂಡವರು. ಶಸ್ತ್ರಚಿಕಿತ್ಸೆಯ ನಂತರ ಹಿಂತಿರುಗಿ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ರಷ್ಯಾದ ಸೆರ್ಗೈ ವೊಡೊಪ್ಯಾನೊವ್ ಅವರನ್ನು ಸೋಲಿಸಿದರು. ಹಾಗೆ ಹಿಂತಿರುಗಲು ಆಗದವರ ಹೆಸರುಗಳು ಮಾತ್ರ ಪತ್ರಿಕೆಗೆ ಬರುವುದಿಲ್ಲ.

ಕರ್ನಾಟಕದಲ್ಲೂ ಈಗ ಬಾಕ್ಸಿಂಗ್ ಕಲಿಯುವವರು ಎರಡು ಬಗೆ. ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ, ಅಂದರೆ 2021ರ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದ ಜಾಗದಲ್ಲಿ, ಕೋಚ್ ಪಕ್ಕದಲ್ಲೇ ಫಿಸಿಯೊ ಇರುತ್ತಾರೆ. 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ನಿಶಾಂತ್ ದೇವ್ ಅಲ್ಲಿ ಪಳಗಿದವರು. ಇನ್ನೊಂದು ಬಗೆ ಬಡಾವಣೆಯ ಜಿಮ್‌ಗಳದ್ದು. ಆಫೀಸು ಮುಗಿಸಿ ಬಂದು, ಗ್ಲೌಸ್ ಏರಿಸಿ, ತೂಗುಬಿಟ್ಟ ಬ್ಯಾಗಿಗೆ ಮೂರು ನಿಮಿಷ ಬಡಿದು ಬೆವರು ಒರೆಸಿಕೊಳ್ಳುವವರು. ಇವರಿಗೆ ಬ್ಯಾಗೇ ಗುರು. ಆ ಗುರು ತಪ್ಪನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮೂರನೇ ವಾರ ಮಣಿಕಟ್ಟಿನಲ್ಲಿ ಹೇಳುತ್ತಾನೆ.

ಹೊಸಬರು ಮುಷ್ಟಿಯ ಬಿಗಿಯನ್ನೂ ತೋಳಿನ ದಪ್ಪವನ್ನೂ ಗಮನಿಸುತ್ತಾರೆ, ನಡುವಿನ ಕೀಲನ್ನು ಮರೆಯುತ್ತಾರೆ. ಮಣಿಕಟ್ಟು ನೋಯತೊಡಗಿದಾಗ ‘ಕೈಯಲ್ಲಿ ಶಕ್ತಿ ಸಾಲದು’ ಎಂದು ಡಂಬೆಲ್ ಹಿಡಿಯುತ್ತಾರೆ. ಇಲ್ಲಿ ಶಕ್ತಿಯ ಪಾತ್ರ ಇದೆ, ಆದರೆ ಎರಡನೆಯದು. ಮೊದಲನೆಯದು ಗೆರೆ. ಗೆಣ್ಣು, ಮಣಿಕಟ್ಟು, ಮೊಣಕೈ ಒಂದೇ ಗೆರೆಯಲ್ಲಿ ಇರಬೇಕು, ಅದೂ ಗುದ್ದು ತಾಗುವುದಕ್ಕೆ ಮುಂಚೆಯೇ.

ಯಾಕೆ ಮುಂಚೆಯೇ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು. ಏಳು ಮಂದಿ ಒಲಿಂಪಿಕ್ ಬಾಕ್ಸರ್‌ಗಳನ್ನು ಅಳೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರ ನೇರ ಗುದ್ದಿನ ಸರಾಸರಿ ಬಲ ಸುಮಾರು 3,400 ನ್ಯೂಟನ್ ಇತ್ತು. ಕ್ಷಣಕಾಲ ಸುಮಾರು 350 ಕಿಲೋ ಭಾರ ಒತ್ತಿದಂತೆ. ಹೊಸಬರು ಅದರ ಮೂರನೇ ಒಂದು ಪಾಲಿಗೂ ಕಡಿಮೆ, 1,000 ನ್ಯೂಟನ್ ಬಲದಿಂದ ಗುದ್ದುತ್ತಾರೆ ಎಂದಿಟ್ಟುಕೊಳ್ಳೋಣ. ಆ ಬಲ ಮಣಿಕಟ್ಟಿನ ನಡುಗೆರೆಯಿಂದ ಬರೀ 2 ಸೆಂಟಿಮೀಟರ್ ಆಚೆ ತಾಗಿದರೆ, ಮೇಜಿನ ಮೇಲೆ ಮುಂಗೈ ಊರಿ ಮಣಿಕಟ್ಟಿನಾಚೆ ಚಾಚಿದ ಮುಷ್ಟಿಯ ಗೆಣ್ಣಿಗೆ 20 ಕಿಲೋ ನೇತುಹಾಕಿದಷ್ಟು ಬಾಗಿಸುವ ಶಕ್ತಿ ಅದಕ್ಕೆ ಬರುತ್ತದೆ. ಇಷ್ಟನ್ನು ತಡೆದು ನಿಲ್ಲಿಸುವ ಸ್ನಾಯು ಹೆಚ್ಚಿನವರ ಮುಂಗೈಯಲ್ಲಿ ಇಲ್ಲ. ಇದ್ದರೂ ಸಮಯ ಇಲ್ಲ. ಗುದ್ದಿನ ಬಲ ತುತ್ತತುದಿ ಮುಟ್ಟುವುದು ಒಂದು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದೊಳಗೆ. ಮಣಿಕಟ್ಟು ಬಾಗುತ್ತಿದೆ ಎಂಬ ಸುದ್ದಿ ನರಗಳಲ್ಲಿ ಹೋಗಿ, ಅಪ್ಪಣೆ ಹಿಂತಿರುಗಿ, ಸ್ನಾಯು ಬಿಗಿಯುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ.

ಮೂಳೆಗಳ ಸಾಲು

ಮಣಿಕಟ್ಟನ್ನು ಒಂದು ಕೀಲು ಎಂದು ಕರೆಯುವುದು ರೂಢಿ. ಒಳಗೆ ನೋಡಿದರೆ ಎರಡು ಸಾಲಿನಲ್ಲಿ ಒತ್ತಿ ಕೂತ 8 ಸಣ್ಣ ಮೂಳೆಗಳು. ಹಿಂದೆ ಮುಂಗೈಯ ಎರಡು ಉದ್ದ ಮೂಳೆ: ಹೆಬ್ಬೆರಳಿನ ಕಡೆ ರೇಡಿಯಸ್, ಕಿರುಬೆರಳಿನ ಕಡೆ ಅಲ್ನಾ. ಮುಂದೆ ಅಂಗೈಯ 5 ಮೂಳೆ. ಕೈ ನೆಟ್ಟಗಿರುವಾಗ ಮುಷ್ಟಿಯಿಂದ ಹಿಂದಕ್ಕೆ ಬರುವ ಭಾರದಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟನ್ನು ರೇಡಿಯಸ್ ಹೊರುತ್ತದೆ. ತೋರುಬೆರಳು ಮತ್ತು ನಡುಬೆರಳಿನ ಅಂಗೈ ಮೂಳೆಗಳು ಬುಡದಲ್ಲಿ ಬಹುಮಟ್ಟಿಗೆ ಅಲುಗದೆ ನಿಂತಿವೆ. ಉಂಗುರ ಬೆರಳಿನದು ಸ್ವಲ್ಪ ಆಡುತ್ತದೆ, ಕಿರುಬೆರಳಿನದು ಇನ್ನೂ ಹೆಚ್ಚು. ಮುಷ್ಟಿ ಕಟ್ಟಿ, ಇನ್ನೊಂದು ಕೈಯಿಂದ ಒಂದೊಂದೇ ಗೆಣ್ಣನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿದರೆ ಯಾರಿಗಾದರೂ ಈ ವ್ಯತ್ಯಾಸ ತಿಳಿಯುತ್ತದೆ. ಹಾಗಾಗಿ ಮೊದಲೆರಡು ಗೆಣ್ಣಿನಿಂದ ಗುದ್ದು ಎಂದು ಕೋಚ್‌ಗಳು ಹೇಳುವುದು ಬರೀ ಸಂಪ್ರದಾಯವಲ್ಲ. ಅಲುಗದ ಮೂಳೆಯಿಂದ ದಪ್ಪ ಮೂಳೆಗೆ ಬಲ ದಾಟುವ ದಾರಿ ಅದು.

ದಾರಿ ತಪ್ಪಿದರೆ ಕೈ ಯಾವ ಕಡೆ ಬಾಗುತ್ತದೆ ಎಂಬುದೂ ಖಚಿತ. ಗೆಣ್ಣಿನ ಬದಲು ಅದರ ಕೆಳಗಿನ ಬೆರಳುಗಳ ಚಪ್ಪಟೆ ಭಾಗ ಮೊದಲು ತಾಗಿದರೆ ಮುಷ್ಟಿ ಅಂಗೈ ಕಡೆಗೆ ಮಡಚುತ್ತದೆ. ಕಿರುಬೆರಳಿನ ಗೆಣ್ಣು ಮೊದಲು ತಾಗಿದರೆ ಮುಷ್ಟಿ ಆ ಪಕ್ಕಕ್ಕೆ ವಾಲುತ್ತದೆ. ಎರಡೂ ಒಟ್ಟಿಗೆ ಆಗುವುದೇ ಹೆಚ್ಚು. ನುರಿತ ಬಾಕ್ಸರ್‌ಗಳ ಮಣಿಕಟ್ಟಿಗೆ ಸಂವೇದಕ ಕಟ್ಟಿ ಜಾಬ್ (ಮುಂದಿನ ಕೈಯ ನೇರ ಗುದ್ದು) ಮತ್ತು ಹುಕ್ (ಪಕ್ಕದಿಂದ ಬೀಸುವ ಗುದ್ದು) ಅಳೆದಾಗಲೂ ತಾಗಿದ ಕ್ಷಣದಲ್ಲಿ ಇವೇ ಎರಡು ಚಲನೆ ಕಂಡಿವೆ. ಅಂದರೆ ಒಂದು ಡಿಗ್ರಿಯೂ ಬಾಗದ ಮಣಿಕಟ್ಟು ಪುಸ್ತಕದ ಚಿತ್ರದಲ್ಲಿ ಮಾತ್ರ ಇರುತ್ತದೆ. ಬಾಗುವಿಕೆ ಕಡಿಮೆ ಇರಲಿ, ಅಳತೆಯೊಳಗೆ ಇರಲಿ ಎಂಬುದಷ್ಟೇ ಅಭ್ಯಾಸದ ಗುರಿ.

ಎಲ್ಲರೂ ಇದನ್ನು ಒಪ್ಪಿದ್ದರು ಎಂದೇನಿಲ್ಲ. 1919ರಲ್ಲಿ ಹೆವಿವೇಯ್ಟ್ ಚಾಂಪಿಯನ್ ಆದ ಜಾಕ್ ಡೆಂಪ್ಸಿ 1950ರಲ್ಲಿ ಬರೆದ ‘ಚಾಂಪಿಯನ್‌ಷಿಪ್ ಫೈಟಿಂಗ್’ ಪುಸ್ತಕದಲ್ಲಿ ಬೇರೆಯೇ ಪಾಠ ಇದೆ. ಭುಜದಿಂದ ಹೊರಟ ಬಲದ ಗೆರೆ ಕಿರುಬೆರಳಿನ ಗೆಣ್ಣಿನ ಕಡೆಗೆ ಹೋಗುತ್ತದೆ, ಆದ್ದರಿಂದ ಕೊನೆಯ ಮೂರು ಗೆಣ್ಣುಗಳಿಂದ ಗುದ್ದಬೇಕು, ಮುಷ್ಟಿ ಲಂಬವಾಗಿರಬೇಕು ಎನ್ನುತ್ತಾರೆ ಅವರು. ಹೆಬ್ಬೆರಳು ಮೇಲೆ ಬರುವಂತೆ ಲಂಬವಾಗಿ ಮುಷ್ಟಿ ಹಿಡಿದು ಗೋಡೆಗೆ ಒತ್ತಿದರೆ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುವುದೂ ಉಂಟು. ಆದರೂ ಹೊಸಬರಿಗೆ ಆ ದಾರಿ ಬೇಡ. ಕೋಪದಲ್ಲಿ ಗೋಡೆಗೋ ಬಾಗಿಲಿಗೋ ಗುದ್ದಿ ಆಸ್ಪತ್ರೆಗೆ ಬರುವವರಲ್ಲಿ ಅತಿ ಸಾಮಾನ್ಯವಾಗಿ ಮುರಿದಿರುವುದು ಕಿರುಬೆರಳಿನ ಅಂಗೈ ಮೂಳೆಯ ಕತ್ತು. ಡೆಂಪ್ಸಿ ಕಲಿಸುವ ಗುದ್ದಿಗೆ ಡೆಂಪ್ಸಿಯಂಥ ಗುರಿ ಬೇಕು. ದಪ್ಪ ಗ್ಲೌಸ್ ಒಳಗೆ ಒಂದೇ ಗೆಣ್ಣನ್ನು ಆರಿಸಿ ತಾಗಿಸುವುದು ಯಾರಿಗೂ ಸಾಧ್ಯವಿಲ್ಲ ಎಂಬುದೂ ನಿಜ. ನಡುಬೆರಳಿನ ಗೆಣ್ಣನ್ನು ಕೇಂದ್ರ ಮಾಡಿಕೊಂಡರೆ ಎರಡೂ ಪಕ್ಕಕ್ಕೆ ಸ್ವಲ್ಪ ಸಲಿಗೆ ಸಿಗುತ್ತದೆ.

ಮುಷ್ಟಿಯಿಂದ ಆರಂಭ

ಬೆರಳುಗಳನ್ನು ತುದಿಯಿಂದ ಸುರುಳಿ ಸುತ್ತಿ ಅಂಗೈಗೆ ಒತ್ತಬೇಕು, ಟೊಳ್ಳು ಉಳಿಯಬಾರದು. ಹೆಬ್ಬೆರಳು ತೋರುಬೆರಳು ಮತ್ತು ನಡುಬೆರಳಿನ ನಡುಗಂಟಿನ ಮೇಲೆ ಅಡ್ಡ ಕೂರಬೇಕು. ಬೆರಳುಗಳೊಳಗೆ ಸಿಕ್ಕಿಸಿದರೆ ಹೆಬ್ಬೆರಳು ಮುರಿಯುತ್ತದೆ, ಹೊರಗೆ ಚಾಚಿದರೆ ಎದುರಾಳಿಯ ಮೊಣಕೈಗೆ ತಗುಲಿ ತಿರುಚುತ್ತದೆ.

ಇಲ್ಲೊಂದು ಪುಟ್ಟ ಪರೀಕ್ಷೆ ಮಾಡಬಹುದು. ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಮಡಚಿ, ಹಾಗೇ ಮುಷ್ಟಿ ಬಿಗಿಯಲು ನೋಡಿದರೆ ಬೆರಳುಗಳು ಸೋಲುತ್ತವೆ, ಬಿಗಿ ಬರುವುದೇ ಇಲ್ಲ. ಮಣಿಕಟ್ಟನ್ನು ನೆಟ್ಟಗೆ ತಂದು, ಇನ್ನೂ ಒಂದಿಷ್ಟು ಹಿಂದಕ್ಕೆ ಎತ್ತಿದರೆ ಅದೇ ಮುಷ್ಟಿ ಕಲ್ಲಾಗುತ್ತದೆ. ಬೆರಳು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅವುಗಳ ನಾರುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಬರುತ್ತವೆ. ಮಣಿಕಟ್ಟು ಮಡಚಿದರೆ ನಾರು ಸಡಿಲ, ಮುಷ್ಟಿಯೂ ಸಡಿಲ. ಸಡಿಲ ಮುಷ್ಟಿ ಮಣಿಕಟ್ಟನ್ನು ಇನ್ನಷ್ಟು ಬಾಗಲು ಬಿಡುತ್ತದೆ. ಒಂದು ತಪ್ಪು ಇನ್ನೊಂದನ್ನು ಕರೆದುಕೊಂಡೇ ಬರುತ್ತದೆ.

ಹಾಗೆಂದು ಸುತ್ತು ಪೂರ್ತಿ ಮುಷ್ಟಿ ಬಿಗಿದುಕೊಂಡೇ ಇದ್ದರೆ ಮುಂಗೈ ಒಂದೇ ನಿಮಿಷದಲ್ಲಿ ದಣಿಯುತ್ತದೆ, ಗುದ್ದೂ ನಿಧಾನವಾಗುತ್ತದೆ. ಕೈ ಹೊರಡುವಾಗ ಮುಷ್ಟಿ ಮುಚ್ಚಿರಬೇಕು, ಹಿಂಡಿರಬಾರದು. ತಾಗುವ ಅಂಚಿನಲ್ಲಿ ಹಿಂಡಬೇಕು, ವಾಪಸು ಬರುವಾಗ ಬಿಡಬೇಕು. ಹೇಳುವುದು ಸುಲಭ. ಈ ಹಿಂಡು-ಬಿಡು ಕೈಗೆ ಹತ್ತಲು ತಿಂಗಳುಗಳೇ ಬೇಕು, ಆದ್ದರಿಂದ ಮೊದಲ ತಿಂಗಳುಗಳಲ್ಲಿ ಜೋರಾಗಿ ಗುದ್ದದಿರುವುದೇ ವಿವೇಕ.

ಗುದ್ದಿಗೊಂದು ತಪ್ಪು

ಜಾಬ್‌ನಲ್ಲೂ ಹಿಂದಿನ ಕೈಯ ನೇರ ಗುದ್ದಾದ ಕ್ರಾಸ್‌ನಲ್ಲೂ ಮಣಿಕಟ್ಟು ಕೆಡುವುದು ಮೊಣಕೈಯ ದೆಸೆಯಿಂದ. ಕೈ ಹೊರಡುತ್ತಿದ್ದಂತೆ ಮೊಣಕೈ ರೆಕ್ಕೆಯಂತೆ ಹೊರಕ್ಕೆ ಎದ್ದರೆ ಮುಂಗೈ ಓರೆಯಾಗಿ ಬರುತ್ತದೆ. ಓರೆ ಮುಂಗೈಯ ತುದಿಯಲ್ಲಿ ಮುಷ್ಟಿಯನ್ನು ನೇರ ಇಡಬೇಕಾದರೆ ಮಣಿಕಟ್ಟು ಬಾಗಲೇಬೇಕು. ಕೋಚ್ ‘ಮೊಣಕೈ ಒಳಗೆ’ ಎಂದು ಕೂಗುವುದು ಪಕ್ಕೆಲುಬಿನ ರಕ್ಷಣೆಗಷ್ಟೇ ಅಲ್ಲ. ಮೊಣಕೈ ಮುಷ್ಟಿಯ ಹಿಂದೆಯೇ ಸಾಗಿ, ಕೊನೆಯ ಗೇಣಿನಲ್ಲಿ ಮಾತ್ರ ಕೈ ತಿರುಗಬೇಕು. ಪೂರ್ತಿ ತಿರುಗಿ ಅಂಗೈ ನೆಲ ನೋಡಬೇಕೆಂಬ ಹಟವೂ ಬೇಡ. ಮುಕ್ಕಾಲು ತಿರುಗಿದರೆ ಅನೇಕರ ಮೊದಲೆರಡು ಗೆಣ್ಣು ತಾನಾಗಿಯೇ ಮುಂದೆ ಬರುತ್ತವೆ. ಹೀಗೆ ತಮ್ಮ ಕೈಗೆ ಒಗ್ಗುವ ಕೋನವನ್ನು ಹುಡುಕಿಕೊಳ್ಳುವುದರಲ್ಲಿ ತಪ್ಪಿಲ್ಲ.

ಮಣಿಕಟ್ಟುಗಳನ್ನು ಅತಿ ಹೆಚ್ಚು ಕೆಡಿಸುವುದು ಹುಕ್. ಅಂಗೈ ತನ್ನ ಕಡೆಗೆ ತಿರುಗಿರಬೇಕೋ ನೆಲದ ಕಡೆಗೋ ಎಂಬ ಜಗಳ ಪ್ರತಿ ಜಿಮ್‌ನಲ್ಲೂ ಇದೆ, ಎರಡನ್ನೂ ಚಾಂಪಿಯನ್ನರು ಹೊಡೆದು ತೋರಿಸಿದ್ದಾರೆ. ಜಗಳಕ್ಕಿಂತ ದೂರ ಮುಖ್ಯ. ಹುಕ್ ಹತ್ತಿರದ ಗುದ್ದು. ಮೊಣಕೈ ಸುಮಾರು 90 ಡಿಗ್ರಿ ಮಡಚಿ, ಮುಷ್ಟಿಯ ಎತ್ತರಕ್ಕೇ ಏರಿ, ಮುಂಗೈ ನೆಲಕ್ಕೆ ಸಮಾನಾಂತರವಾಗಿದ್ದಾಗ ಗೆರೆ ಉಳಿಯುತ್ತದೆ. ಗುರಿ ದೂರ ಇದ್ದೂ ಹುಕ್ ಬೀಸಿದರೆ ಗೆಣ್ಣು ತಲುಪುವುದಿಲ್ಲ. ಗ್ಲೌಸಿನ ಒಳಬದಿ ಚಪ್ಪಾಳೆಯಂತೆ ತಾಗುತ್ತದೆ, ಮುಷ್ಟಿ ಒಳಕ್ಕೆ ಮಡಚುತ್ತದೆ. ಮೊಣಕೈ ಜೋತುಬಿದ್ದು ಮುಷ್ಟಿ ಮಾತ್ರ ಮೇಲಿದ್ದರೆ ಕಿರುಬೆರಳಿನ ಪಕ್ಕ ಏಟು ತಿನ್ನುತ್ತದೆ.

ಅಪ್ಪರ್‌ಕಟ್‌ನಲ್ಲಿ ಹೊಸಬರು ಡಂಬೆಲ್ ಎತ್ತುವ ರೂಢಿಯಲ್ಲಿ ಮುಷ್ಟಿಯನ್ನು ತಮ್ಮ ಕಡೆಗೆ ಸುರುಳಿ ಮಾಡಿಬಿಡುತ್ತಾರೆ. ಅಂಗೈ ತನ್ನ ಕಡೆಗಿರಬೇಕು ನಿಜ, ಆದರೆ ಹಸ್ತದ ಬೆನ್ನು ಮತ್ತು ಮುಂಗೈ ಒಂದೇ ಹಲಗೆಯಂತೆ ಇರಬೇಕು. ನೆಟ್ಟಗೆ ತೂಗುವ ಮಾಮೂಲಿ ಬ್ಯಾಗಿಗೆ ಅಪ್ಪರ್‌ಕಟ್ ಹೊಡೆಯುವುದು ಇನ್ನೊಂದು ತಪ್ಪು. ಕೆಳಗಿನಿಂದ ಮೇಲೆ ಹೋಗುವ ಗುದ್ದಿಗೆ ಅಲ್ಲಿ ತಾಗಲು ಮುಖವೇ ಇಲ್ಲ. ಮುಷ್ಟಿ ಚರ್ಮದ ಮೇಲೆ ಉಜ್ಜಿ ಜಾರುತ್ತದೆ, ಮಣಿಕಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಗುದ್ದನ್ನು ಕೋಚ್ ಹಿಡಿದ ಪ್ಯಾಡ್‌ಗೋ ಕೆಳಗೆ ಕಿರಿದಾಗುವ ಬ್ಯಾಗಿಗೋ ಉಳಿಸಿಕೊಳ್ಳಬೇಕು.

ಹೊಟ್ಟೆಗೆ ಗುದ್ದುವಾಗ ಮೊಣಕಾಲು ಬಗ್ಗಿಸಿ ಭುಜವನ್ನೇ ಕೆಳಗೆ ತರಬೇಕು. ನಿಂತಲ್ಲೇ ನಿಂತು ಕೈ ಮಾತ್ರ ಇಳಿಬಿಟ್ಟರೆ ಗೆರೆ ಮುರಿಯುತ್ತದೆ.

ಗೆರೆ ತಪ್ಪಿದ ಗುದ್ದಿಗೂ ಗಾಯಕ್ಕೂ ಇರುವ ನಂಟು ಎರಡೂ ದಿಕ್ಕಿನದು ಎಂಬುದಕ್ಕೆ ವೇಲ್ಸ್‌ನ ಜೋ ಕ್ಯಾಲ್ಝಾಘೆ ಉದಾಹರಣೆ. ಅವರು ಅಂಗೈ ತೆರೆದು ಬಡಿಯುತ್ತಾರೆ, ಗುದ್ದುವುದಿಲ್ಲ ಎಂಬ ಟೀಕೆ ವೃತ್ತಿಯುದ್ದಕ್ಕೂ ಇತ್ತು. ಪದೇ ಪದೇ ಗಾಯಗೊಂಡ ಕೈಗಳನ್ನು ಕಾಪಾಡಿಕೊಳ್ಳಲು ರೂಢಿಯಾದ ಶೈಲಿ ಅದು ಎಂದು ಅನೇಕರು ವಿವರಿಸುತ್ತಾರೆ. 2006ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜೆಫ್ ಲೇಸಿ ವಿರುದ್ಧ ನಡೆಯಬೇಕಿದ್ದ ಪಂದ್ಯದಿಂದ ಎಡಗೈ ಗಾಯದ ಕಾರಣಕ್ಕೆ ಹಿಂದೆ ಸರಿಯುವ ಯೋಚನೆಯಲ್ಲಿದ್ದರು. ತರಬೇತುದಾರರೂ ಆಗಿದ್ದ ತಂದೆ ಎಂಝೊ ಒಪ್ಪಿಸಿ ರಿಂಗಿಗೆ ಇಳಿಸಿದರು. ಆ ರಾತ್ರಿ ಕ್ಯಾಲ್ಝಾಘೆ ಲೇಸಿಯನ್ನು ಹನ್ನೆರಡೂ ಸುತ್ತು ಆಟ ಆಡಿಸಿಬಿಟ್ಟರು. ಇದನ್ನು ಓದಿ ನೋವಿನಲ್ಲೇ ಗುದ್ದಲು ಹೊರಡುವವರಿಗೆ ಒಂದು ಮಾತು: ಅವರು ಆಗಲೇ ವಿಶ್ವ ಚಾಂಪಿಯನ್.

ಪಟ್ಟಿ ಮತ್ತು ಗ್ಲೌಸ್

ಕೈಗೆ ಸುತ್ತುವ ಪಟ್ಟಿಗೆ ಜಿಮ್‌ಗಳಲ್ಲಿ ಬ್ಯಾಂಡೇಜ್ ಎಂದೂ ಹ್ಯಾಂಡ್‌ರ್ಯಾಪ್ ಎಂದೂ ಹೆಸರು. ಅಮೆಚೂರ್ ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ ಇದರ ಉದ್ದ 2.5 ಮೀಟರ್‌ಗಿಂತ ಕಡಿಮೆ, 4.5 ಮೀಟರ್‌ಗಿಂತ ಹೆಚ್ಚು ಇರಕೂಡದು, ಅಗಲ 5.7 ಸೆಂಟಿಮೀಟರ್ ಎಂದು ನಿಗದಿಯಾಗಿತ್ತು. ದೊಡ್ಡವರು ಅಭ್ಯಾಸಕ್ಕೆ 4.5 ಮೀಟರಿನದನ್ನೇ ಕೊಳ್ಳುವುದು ಮೇಲು. ಚಿಕ್ಕದು ಗೆಣ್ಣಿಗೆ ಸಾಕಾಗುತ್ತದೆ, ಮಣಿಕಟ್ಟಿಗೆ ಉಳಿಯುವುದಿಲ್ಲ. ಕೈಗವಸಿನಂತೆ ಸೀದಾ ಹಾಕಿಕೊಳ್ಳುವ ಜೆಲ್ ಪಟ್ಟಿಗಳು ಗೆಣ್ಣಿಗೆ ಮೆತ್ತೆ ಕೊಡುತ್ತವೆ, ಆದರೆ ಮಣಿಕಟ್ಟನ್ನು ಹಿಡಿದು ನಿಲ್ಲಿಸುವುದರಲ್ಲಿ ಬಟ್ಟೆಯ ಪಟ್ಟಿಗೆ ಸಾಟಿಯಾಗುವುದು ಅಪರೂಪ.

ಸುತ್ತುವಾಗ ಬೆರಳು ಅಗಲಿಸಿರಬೇಕು, ಮಣಿಕಟ್ಟು ನೆಟ್ಟಗಿರಬೇಕು. ಹೆಬ್ಬೆರಳಿಗೆ ಕುಣಿಕೆ ಹಾಕಿ, ಹಸ್ತದ ಬೆನ್ನಿನ ಮೇಲೆ ತಂದು, ಮಣಿಕಟ್ಟಿಗೆ ಮೂರು ನಾಲ್ಕು ಸುತ್ತು. ಎಲ್ಲರೂ ಎಡವುವುದು ಇಲ್ಲೇ. ಗಡಿಯಾರ ಕಟ್ಟುವ ಜಾಗದಲ್ಲಿ ಸುತ್ತಿ ಮುಗಿಸುತ್ತಾರೆ, ಅದು ಕೀಲಿಗಿಂತ ಹಿಂದೆ, ಮುಂಗೈಯ ಮೇಲೆ. ಸುತ್ತುಗಳು ಕೀಲನ್ನೇ ದಾಟಬೇಕು, ಅರ್ಧ ಈಚೆ, ಅರ್ಧ ಆಚೆ. ಆಮೇಲೆ ಗೆಣ್ಣಿಗೆ ಮೂರು ಸುತ್ತು, ಬೆರಳುಗಳ ಸಂದಿಯಲ್ಲಿ ಹಾದು ಮಣಿಕಟ್ಟಿಗೆ ವಾಪಸಾಗುವ ಅಡ್ಡ ಪಟ್ಟೆಗಳು, ಹೆಬ್ಬೆರಳಿನ ಬುಡಕ್ಕೊಂದು ಸುತ್ತು, ಉಳಿದದ್ದೆಲ್ಲ ಮತ್ತೆ ಮಣಿಕಟ್ಟಿಗೆ. ಮುಷ್ಟಿ ಬಿಗಿದಾಗ ಪಟ್ಟಿ ಬಿಗಿಯಬೇಕು, ಬಿಟ್ಟಾಗ ಹಾಯೆನಿಸಬೇಕು. ಬೆರಳ ತುದಿ ಜುಮ್ಮೆಂದರೆ ಅಥವಾ ಬಣ್ಣ ತಿರುಗಿದರೆ ಬಿಚ್ಚಿ ಮತ್ತೆ ಸುತ್ತಬೇಕು. ದಿನವೂ ಒಗೆಯಬೇಕೆಂಬುದನ್ನು ಪಕ್ಕದಲ್ಲಿ ಅಭ್ಯಾಸ ಮಾಡುವವರೇ ನೆನಪಿಸುತ್ತಾರೆ.

ಪಟ್ಟಿ ಇರುವುದು ಕೈಯ ರಕ್ಷಣೆಗೆ. ಅದನ್ನು ಆಯುಧ ಮಾಡಹೊರಟ ಪ್ರಕರಣವೂ ದಾಖಲಾಗಿದೆ. 2009ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶೇನ್ ಮೋಸ್ಲಿ ಎದುರಿನ ಪಂದ್ಯಕ್ಕೆ ಮೊದಲು ಆಂಟೋನಿಯೊ ಮಾರ್ಗರಿಟೊ ಅವರ ಪಟ್ಟಿಯೊಳಗೆ ಪ್ಲಾಸ್ಟರ್‌ನಂಥ ಗಟ್ಟಿ ವಸ್ತು ಸಿಕ್ಕಿತು. ಹಿಡಿದದ್ದು ಮೋಸ್ಲಿಯ ತರಬೇತುದಾರ. ಮಾರ್ಗರಿಟೊ ಹೊಸದಾಗಿ ಸುತ್ತಿಸಿಕೊಂಡು ಆಡಿ ಸೋತರು, ಆಮೇಲೆ ಲೈಸೆನ್ಸನ್ನೂ ಕಳೆದುಕೊಂಡರು.

ಬ್ಯಾಗ್ ಮತ್ತು ಸ್ಪಾರಿಂಗ್‌ಗೆ 14 ಅಥವಾ 16 ಔನ್ಸ್ ಗ್ಲೌಸ್ ರೂಢಿ. 16 ಔನ್ಸ್ ಎಂದರೆ ಸುಮಾರು 450 ಗ್ರಾಂ. ತೂಕಕ್ಕಿಂತ ಮೊದಲು ನೋಡಬೇಕಾದದ್ದು ಗ್ಲೌಸಿನಲ್ಲಿ ಮಣಿಕಟ್ಟನ್ನು ಸುತ್ತುವ ಭಾಗ: ಅದು ಉದ್ದವಾಗಿ, ಗಟ್ಟಿಯಾಗಿ, ವೆಲ್ಕ್ರೋ ಅಗಲವಾಗಿ ಇರಬೇಕು. ಗ್ಲೌಸ್ ತೊಟ್ಟು, ಇನ್ನೊಂದು ಕೈಯಿಂದ ಅದರ ಮುಂಭಾಗ ಹಿಡಿದು ಬಗ್ಗಿಸಿ ನೋಡಿದರೆ ಸಲೀಸಾಗಿ ಮಡಚುವ ಗ್ಲೌಸು ಅಂಗಡಿಯಲ್ಲೇ ಉಳಿಯಲಿ. ಜಿಮ್‌ನಲ್ಲಿ ಎಲ್ಲರೂ ಬಳಸುವ ಗ್ಲೌಸ್‌ಗಳಲ್ಲಿ ಒಳಗಿನ ಸ್ಪಂಜು ಒಂದು ಕಡೆಗೆ ಸರಿದು, ವೆಲ್ಕ್ರೋ ಕಚ್ಚದೆ ಇರುವುದೇ ಹೆಚ್ಚು. ಒಂದು ಜೊತೆ ಸ್ವಂತದ್ದು ಕೊಳ್ಳುವ ಖರ್ಚು ಎಕ್ಸ್‌ರೇ, ಔಷಧಿಗಳ ಖರ್ಚಿನ ಮುಂದೆ ದೊಡ್ಡದಲ್ಲ.

ಇಷ್ಟೆಲ್ಲ ಸುತ್ತಿಕೊಂಡಾಗ ಕೈ ಎಷ್ಟು ಸುರಕ್ಷಿತ, ಇಲ್ಲದಾಗ ಎಷ್ಟು ಬಡಪಾಯಿ ಎಂಬುದನ್ನು ಮೈಕ್ ಟೈಸನ್ 1988ರ ಆಗಸ್ಟ್‌ನಲ್ಲಿ ಕಂಡುಕೊಂಡರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಟ್ಟೆ ಅಂಗಡಿಯ ಹೊರಗೆ ಹಳೆಯ ಎದುರಾಳಿ ಮಿಚ್ ಗ್ರೀನ್ ಜೊತೆ ಬೀದಿ ಜಗಳವಾಗಿ, ಬರಿಗೈಯಲ್ಲಿ ಗುದ್ದಿ ಬಲಗೈ ಮೂಳೆಗೆ ಬಿರುಕು ಬಿಟ್ಟುಕೊಂಡರು. ಆಗ ಅವರು ಸೋಲೇ ಕಾಣದ ಹೆವಿವೇಯ್ಟ್ ಚಾಂಪಿಯನ್. ಫ್ರ್ಯಾಂಕ್ ಬ್ರೂನೊ ಜೊತೆಗಿನ ಪಂದ್ಯ ಮುಂದಕ್ಕೆ ಹೋಗುತ್ತಾ ಹೋಗಿ 1989ರ ಫೆಬ್ರುವರಿಯಲ್ಲಿ ನಡೆಯಿತು.

ತಪ್ಪು ಹಿಡಿಯುವುದು ಹೇಗೆ?

ಕನ್ನಡಿ ಮುಂದೆ ಗಾಳಿಗೆ ಗುದ್ದುವಾಗ ಎಲ್ಲರ ಮಣಿಕಟ್ಟೂ ನೆಟ್ಟಗೇ ಇರುತ್ತದೆ. ಬಾಗುವುದು ತಾಗಿದಾಗ. ಹಾಗಾಗಿ ಸ್ನೇಹಿತರೊಬ್ಬರಿಗೆ ಮೊಬೈಲ್ ಕೊಟ್ಟು, ಬ್ಯಾಗಿನ ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ತೆಗೆಸಿಕೊಳ್ಳುವುದು ಒಳ್ಳೆಯ ದಾರಿ. ಹೆಚ್ಚಿನ ಫೋನುಗಳಲ್ಲಿ ಸೆಕೆಂಡಿಗೆ 120 ಅಥವಾ 240 ಚೌಕಟ್ಟು ಸಿಗುತ್ತದೆ, ಮುಷ್ಟಿ ತಗ್ಗುವುದು ಸ್ಪಷ್ಟವಾಗಿ ಕಾಣುತ್ತದೆ. ಸುತ್ತಿನ ಆರಂಭದ ಹತ್ತು ಗುದ್ದಿನ ಜೊತೆಗೆ ಕೊನೆಯ ಅರ್ಧ ನಿಮಿಷವನ್ನೂ ತೆಗೆಸಬೇಕು. ದಣಿದ ಕೈಯ ಸತ್ಯ ಬೇರೆ.

ಇನ್ನೊಂದು ಅಗ್ಗದ ಉಪಾಯ ಸೀಮೆಸುಣ್ಣ. ಗ್ಲೌಸಿನ ಮುಂಭಾಗಕ್ಕೆ ಸುಣ್ಣದ ಪುಡಿ ಹಚ್ಚಿ, ಬ್ಯಾಗಿಗೆ ಮೆಲ್ಲಗೆ ಒಂದು ಜಾಬ್. ಗುರುತು ಗೆಣ್ಣಿನ ಜಾಗದಿಂದ ಬಂದಿದೆಯೋ, ಬೆರಳಿನ ಚಪ್ಪಟೆಯಿಂದಲೋ, ಕಿರುಬೆರಳಿನ ಪಕ್ಕದಿಂದಲೋ ಗ್ಲೌಸು ನೋಡಿದರೆ ತಿಳಿಯುತ್ತದೆ. ಬ್ಯಾಗ್ ಒರೆಸಿಡುವುದನ್ನು ಮರೆತರೆ ಜಿಮ್‌ನವರ ಬೈಗುಳ ಖಚಿತ.

ಗೋಡೆಗೆ ಒತ್ತುವ ಅಭ್ಯಾಸ ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಉಪಯುಕ್ತ. ಕಾದಾಟದ ನಿಲುವಿನಲ್ಲಿ ನಿಂತು, ಪಟ್ಟಿ ಸುತ್ತಿದ ಮುಷ್ಟಿಯನ್ನು ಗೋಡೆಗೆ ಇಟ್ಟು, ಹಿಂದಿನ ಹಿಮ್ಮಡಿಯಿಂದ ಮೈಭಾರವನ್ನು ಸ್ವಲ್ಪ ಸ್ವಲ್ಪವೇ ಸಾಗಿಸಬೇಕು. ಹತ್ತು ಸೆಕೆಂಡು ನಿಲ್ಲಬೇಕು. ಗೆರೆ ಸರಿಯಿದ್ದರೆ ಭಾರ ಭುಜದಲ್ಲಿ, ಸೊಂಟದಲ್ಲಿ ಗೊತ್ತಾಗುತ್ತದೆ. ಮಣಿಕಟ್ಟಿನಲ್ಲೇ ಗೊತ್ತಾದರೆ ಮೊಣಕೈಯನ್ನೋ ಮುಷ್ಟಿಯ ಕೋನವನ್ನೋ ಸರಿಪಡಿಸಿಕೊಂಡು ಮತ್ತೆ ಒತ್ತಬೇಕು. ಜಾಬ್, ಕ್ರಾಸ್, ಹುಕ್ ಮೂರಕ್ಕೂ ಇದನ್ನು ಮಾಡಬಹುದು. ಇದು ಪಳಗಿದ ಮೇಲೆ ಮೆತ್ತನೆ ಮ್ಯಾಟ್ ಮೇಲೆ ಮುಷ್ಟಿಯ ಪುಷ್‌ಅಪ್, ಅದೂ ಮೊದಲು ಮಂಡಿಯೂರಿ.

ಬ್ಯಾಗಿನ ಬಗ್ಗೆಯೂ ಕೊಂಚ ಅನುಮಾನ ಇರಲಿ. ಚಿಂದಿ ಬಟ್ಟೆ, ಮರಳು ತುಂಬಿದ ಹಳೆಯ ಬ್ಯಾಗುಗಳಲ್ಲಿ ಎಲ್ಲ ತಳಕ್ಕೆ ಇಳಿದು, ಕೆಳಭಾಗ ಬಂಡೆಯಾಗಿ ಮೇಲ್ಭಾಗ ಜೊಳ್ಳಾಗಿರುತ್ತದೆ. ಗುದ್ದುವ ಎತ್ತರದಲ್ಲೆಲ್ಲ ಮೊದಲು ಅಂಗೈಯಿಂದ ತಟ್ಟಿ ನೋಡಬೇಕು. ಓಲಾಡುವ ಬ್ಯಾಗ್ ತನ್ನ ಕಡೆಗೆ ಬರುತ್ತಿರುವಾಗ ಗುದ್ದಿದರೆ ದೂರ ತಪ್ಪುತ್ತದೆ, ಕೈ ಪೂರ್ತಿ ಚಾಚುವ ಮೊದಲೇ ತಾಗಿ ಮಣಿಕಟ್ಟು ಸಿಕ್ಕಿಬೀಳುತ್ತದೆ. ಬ್ಯಾಗನ್ನು ನಿಲ್ಲಿಸಿ ಮುಂದುವರಿಸುವುದು ಹೇಡಿತನವಲ್ಲ.

ಶಕ್ತಿಯ ಸರದಿ ಈಗ. ಸುತ್ತಿಗೆಯ ಹಿಡಿಕೆಯ ತುದಿ ಹಿಡಿದು ಮಣಿಕಟ್ಟಿನಿಂದಲೇ ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸುವುದು, ಬಕೆಟ್ಟಿನ ಅಕ್ಕಿಯೊಳಗೆ ಕೈ ಹುದುಗಿಸಿ ಮುಷ್ಟಿ ಕಟ್ಟಿ ಬಿಡುವುದು, ಎರಡು ಕೈಯಲ್ಲಿ ಭಾರ ಹಿಡಿದು ನಡೆಯುವುದು ಸಾಕು. ಗರಡಿಮನೆಯಲ್ಲಿ ಗದೆ ತಿರುಗಿಸಿ ಬಂದವರಿಗೆ ಇದರ ಅಗತ್ಯವೇ ಬೀಳದಿರಬಹುದು.

ನೋವು ಎಲ್ಲಿ ಎಂಬುದು ಮುಖ್ಯ

ಗ್ರೇಟ್ ಬ್ರಿಟನ್‌ನ ಒಲಿಂಪಿಕ್ ಬಾಕ್ಸಿಂಗ್ ತಂಡವನ್ನು 2005ರಿಂದ 2012ರವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ ಕೈ ಮತ್ತು ಮಣಿಕಟ್ಟಿನ ಗಾಯಗಳ ಪ್ರಮಾಣ ತರಬೇತಿಗಿಂತ ಪಂದ್ಯಗಳಲ್ಲಿ ನೂರಾರು ಪಟ್ಟು ಹೆಚ್ಚಿತ್ತು. ಬೆರಳಿನ ಅಂಗೈ ಮೂಳೆ ಮಣಿಕಟ್ಟಿಗೆ ಸೇರುವ ಕೀಲು ಸಡಿಲವಾಗುವುದು, ಗೆಣ್ಣಿನ ಮೇಲಿನ ನಾರಿನ ಹೊದಿಕೆ ಹರಿಯುವುದು ಅಲ್ಲಿ ಮುಂದಿದ್ದ ಗಾಯಗಳು. ಅದು ನುರಿತವರ ಲೆಕ್ಕ. ಗೆರೆ ಇನ್ನೂ ಕೂರದ ಹೊಸಬರಿಗೆ ತರಬೇತಿಯೇ ಪಂದ್ಯ.

ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಅದರ ಬುಡದಲ್ಲಿ ಚಿಟಿಕೆ ನಶ್ಯ ಇಟ್ಟುಕೊಳ್ಳುವಷ್ಟು ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ಒತ್ತಿದರೆ ನೋವು ಎಂದಾದರೆ ಉದಾಸೀನ ಸಲ್ಲದು. ಅದರ ತಳದಲ್ಲಿರುವ ಸ್ಕೇಫಾಯ್ಡ್ ಮೂಳೆಗೆ ರಕ್ತ ಪೂರೈಕೆ ಕಡಿಮೆ, ಮುರಿದರೆ ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ. ಮೊದಲ ದಿನದ ಎಕ್ಸ್‌ರೇಯಲ್ಲಿ ಮುರಿತ ಕಾಣದೆ, ಹತ್ತು ಹದಿನಾಲ್ಕು ದಿನಗಳ ನಂತರದ ಎಕ್ಸ್‌ರೇಯಲ್ಲೋ ಎಂಆರ್‌ಐನಲ್ಲೋ ಕಾಣುವುದೂ ಉಂಟು. ಕಿರುಬೆರಳಿನ ಕಡೆ ನೋವಿದ್ದು, ಬೀಗ ತಿರುಗಿಸುವಾಗ, ಒದ್ದೆ ಬಟ್ಟೆ ಹಿಂಡುವಾಗ ಚುಚ್ಚಿದಂತಾದರೆ ಆ ಪಕ್ಕದ ಮೃದ್ವಸ್ಥಿಯ ಮೆತ್ತೆ ಹರಿದಿರುವ ಸಾಧ್ಯತೆ ಇದೆ. ಹಸ್ತದ ಬೆನ್ನಿನ ಮೇಲೆ, ಮಣಿಕಟ್ಟಿಗೆ ತುಸು ಮುಂದೆ ಗಂಟು ಎದ್ದಿದ್ದರೆ ಅಂಗೈ ಮೂಳೆಯ ಬುಡದ ಕೀಲು ಏಟು ತಿಂದಿರಬಹುದು. ‘ಉಳುಕಿದೆ ಅಷ್ಟೆ’ ಎಂದು ಎಣ್ಣೆ ಹಚ್ಚಿ ನೀವಿಸಿಕೊಳ್ಳುವುದು, ಎಳೆಸಿಕೊಂಡು ಪಟ್ಟು ಹಾಕಿಸುವುದು ನಮ್ಮಲ್ಲಿ ಇನ್ನೂ ಇದೆ. ಮುರಿದಿಲ್ಲ ಎಂದು ವೈದ್ಯರು ಖಚಿತಪಡಿಸುವ ತನಕ ಆ ಕೈಯನ್ನು ಯಾರೂ ಎಳೆಯಬಾರದು.

ವೈದ್ಯರು ಒಪ್ಪಿಗೆ ಕೊಟ್ಟ ಮೇಲೂ ಹಿಂತಿರುಗುವುದಕ್ಕೆ ಒಂದು ಕ್ರಮ ಇದೆ. ಮೊದಲು ಗೋಡೆಗೆ ಒತ್ತುವುದು ನೋವಿಲ್ಲದೆ ಆಗಬೇಕು. ಬಳಿಕ ಗಾಳಿಗೆ ಗುದ್ದು, ಬಳಿಕ ಕೋಚ್ ಹಿಡಿದ ಪ್ಯಾಡ್‌ಗೆ ಅರ್ಧ ಬಲದ ಜಾಬ್ ಮತ್ತು ಕ್ರಾಸ್. ಬ್ಯಾಗ್ ಅದಾದ ಮೇಲೆ, ಅದೂ 16 ಔನ್ಸ್ ಗ್ಲೌಸ್ ತೊಟ್ಟು ಒಂದೋ ಎರಡೋ ಸುತ್ತು ಮಾತ್ರ. ಮರುದಿನ ಬೆಳಿಗ್ಗೆ ಕೈ ಬಿಗಿದಿದ್ದರೆ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಹುಕ್ ಇನ್ನೂ ತಡವಾಗಿ ಬರಲಿ, ಅಪ್ಪರ್‌ಕಟ್‌ನ ಸರದಿ ಎಲ್ಲಕ್ಕಿಂತ ಕೊನೆಗೆ.